ಪೇಟಿ ಮಾಸ್ತರರು ಆರಿಸಿದ ಮಷಿನ್

ಮೊಮ್ಮಗಳು ಕಲಬುರ್ಗಿಯಿಂದ ಎರಡು ಡಬ್ಬಿ ತಂದು ನನ್ನ ಹೊರಸಿನ ಮೇಲೆ ಇಟ್ಟಳು. ಒಂದು ಕೆಂಪು, ಒಂದು ಬೂದಿ ಬಣ್ಣದ್ದು. ಇಟ್ಟಿಗೆಯಷ್ಟೂ ದೊಡ್ಡವಲ್ಲ. ಮುಂದೆ ಎರಡು ತೂತು, ತಿರುವುವ ಎರಡು ಗುಂಡಿ. ಮೈಕಿನ ವಾಯರ್ ಈ ಕಡೆಯಿಂದ ಒಳಗೆ ಹೋಗುತ್ತದಂತೆ, ಆ ಕಡೆಯಿಂದ ಇನ್ನೊಂದು ವಾಯರ್ ಕಂಪ್ಯೂಟರಿಗೆ ಹೋಗುತ್ತದಂತೆ. ನಡುವೆ ಈ ಡಬ್ಬಿ ಕೂತು ಮನುಷ್ಯರ ದನಿಯನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡಿ ಕೊಡುತ್ತದಂತೆ. ಎರಡರಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ವಾಪಸ್ ಕಳಿಸಬೇಕು. ಅವಳು ಸೋಬಾನೆ ಹಾಡು ಹಾಡಿ ಫೋನಿನಲ್ಲಿ ಹಾಕುತ್ತಾಳೆ. ಯಾರು ಕೇಳುತ್ತಾರೋ ನನಗೆ ಗೊತ್ತಿಲ್ಲ.

"ಆಯಿ, ಇದರಾಗ ಯಾವುದು ನಂಬಿಗಿದು, ನೀನೇ ಹೇಳು," ಅಂದಳು. ಅವಳು ಮೊದಲೇ ಕೆಂಪನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ನನ್ನನ್ನು ಕೇಳಿದ್ದು ಮುದುಕಿಗೆ ಖುಷಿಯಾಗಲಿ ಅಂತ. ಆದರೂ ಮೈಕು ಹಚ್ಚಿ ಏನಾದರೂ ಮಾತಾಡು ಅಂದಳು. ನಾನು ಚಹಾ ಕೇಳಿದೆ. ಕೇಳಿದ್ದೇ ತಡ, ಡಬ್ಬಿಯ ಮೇಲಿನ ಸಣ್ಣ ಸಣ್ಣ ಹಸಿರು ದೀಪಗಳು ಏರಿ ಇಳಿದವು. ಜೋರಾಗಿ ಕೇಳಿದೆ. ಹಳದಿಗೆ ಹೋಗಿ, ಕೆಂಪು ಮುಟ್ಟಿ ಬಂದವು. ದನಿ ಕಣ್ಣಿಗೆ ಕಾಣುತ್ತಿತ್ತು... ಆಗ ಹಾರ್ಮೋನಿಯಂ ಬಾರಿಸುತ್ತಿದ್ದ ನಮ್ಮ ಪೇಟಿ ಮಾಸ್ತರರು ನೆನಪಾದರು. ಎಷ್ಟೋ ವರ್ಷ ಅವರನ್ನು ನೆನೆಸಿರಲಿಲ್ಲ.

ನಾನು ಶಾಲೆ ಕಲಿತವಳಲ್ಲ. ಮಕ್ಕಳ ಪಾಟಿ ನೋಡಿ ಅಕ್ಷರ ಕಲಿತೆ. ಇಲ್ಲಿ ಬರೆದದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ತಿದ್ದಬೇಡ ಅಂದದ್ದನ್ನು ಬಿಟ್ಟಿದ್ದಾಳೆ.

ಮಾಸ್ತರರು ಜೇವರ್ಗಿ ಕಡೆಯ ಕೊಳಕೂರದವರು. ನಾಟಕ ಕಂಪನಿಯಲ್ಲಿ ಕಾಲಿನಿಂದ ಗಾಳಿ ತುಂಬುವ ಕಾಲುಪೇಟಿ ಬಾರಿಸುತ್ತ ಊರೂರು ತಿರುಗಿ, ಕಂಪನಿ ಮುರಿದ ಮೇಲೆ ಆಳಂದಕ್ಕೆ ಬಂದು ನಿಂತರು. ನಮ್ಮ ಓಣಿಯ ತುದಿಯಲ್ಲಿ ಒಂದು ಖೋಲಿ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಕರಿ ಟೊಪ್ಪಿಗೆ, ಬಿಳಿ ಧೋತ್ರ, ಬಾಯಿತುಂಬ ಎಲೆ ಅಡಿಕೆ. ತೊಗರಿ ವ್ಯಾಪಾರದ ಸೇಠರ ಮನೆಗಳಿಗೆ ಹೋಗಿ ಮಕ್ಕಳಿಗೆ ಪೇಟಿ ಕಲಿಸುತ್ತಿದ್ದರು. ಅದೇ ಅವರ ಊಟ. ಸೋಮವಾರ ಸಂಜೆ ಮಾತ್ರ ಓಣಿಯ ಮಠಕ್ಕೆ ಬಂದು ನಮ್ಮ ಹೆಣ್ಣುಮಕ್ಕಳ ಭಜನೆಗೆ ಬಾರಿಸುತ್ತಿದ್ದರು. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಬಾಯಿ ಮಾತ್ರ ಬಹಳ ಕೆಟ್ಟದ್ದು. ಸ್ವರ ಒಂದು ಕೂದಲೆಳೆ ತಪ್ಪಿದರೂ ಪೇಟಿಯ ಗಾಳಿ ನಿಲ್ಲಿಸಿ, "ಯಾವಾಕಿ ಬೇ ಅದು, ಎಮ್ಮಿ ಒದರಿದಂಗ ಒದರಿದಾಕಿ?" ಅನ್ನುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಬಹಳ ಸಲ ಆ ಎಮ್ಮೆ ನಾನೇ ಆಗಿರುತ್ತಿದ್ದೆ. ಬರಬರುತ್ತ ಅವರ ಬೈಗುಳ ಕಮ್ಮಿಯಾಯಿತು. ಒಂದು ವರ್ಷವಂತೂ ಬೈದದ್ದೇ ಇಲ್ಲ. ನಾವು ಸುಧಾರಿಸಿದ್ದೇವೆ ಅಂದುಕೊಂಡೆವು. ನಮ್ಮ ಭಜನೆಯ ಮುಂದಾಳು ಗೌಡಸಾನಿ, ಅಂದರೆ ಓಣಿಯ ಗೌಡರ ಹೆಂಡತಿ. ಆಕೆ ಊರೆಲ್ಲ ಹೇಳಿಕೊಂಡು ಬಂದಳು, "ಮಾಸ್ತರ ಬಾಯಿ ಮುಚ್ಚಿಸೇವಿ ನೋಡ್ರಿ, ಅಂಥಾ ಹಾಡಾಕಿರು ನಾವು," ಅಂತ.

ಅದೇ ಸುಮಾರಿಗೆ ಗೌಡಸಾನಿಯ ಮನೆಗೆ ಅಫಜಲಪುರದ ಕಡೆಯ ಗೊಬ್ಬೂರದಿಂದ ಸೊಸೆ ಬಂದಳು. ಸಣ್ಣ ಹುಡುಗಿ. ದನಿ ಅಂದರೆ ಅವಳದೇ ದನಿ. ನಾವೆಲ್ಲ ತಲೆಯ ಮೇಲೆ ಸೆರಗು ಹೊದ್ದು, ಅದರ ಅಂಚನ್ನು ತುಟಿಯ ಮುಂದೆ ಹಿಡಿದುಕೊಂಡು ಹಾಡುವವರು. ಗಂಡಸರು ಕೂತಲ್ಲಿ ಹಲ್ಲು ಕಾಣುವ ಹಾಗೆ ಬಾಯಿ ತೆರೆಯಬಾರದು ಅಂತ ನಮಗೆ ಕಲಿಸಿದ್ದರು. ಆ ಹುಡುಗಿಗೆ ಅದು ಬರಲಿಲ್ಲ. ಸೆರಗು ಹಿಡಿದರೆ ಉಸಿರು ಕಟ್ಟುತ್ತದೆ ಅಂತ ಹೇಳಿ ಕೈಬಿಟ್ಟು ಬಾಯಿತುಂಬ ಹಾಡುತ್ತಿದ್ದಳು. ದನಿ ಚೆನ್ನಾಗಿದ್ದುದರಿಂದ ಅತ್ತೆ ಸುಮ್ಮನಿದ್ದಳು.

ಹಾಡು ತುಂಬಿಸುವ ಮಷಿನ್ ಯಾಕೆ ಬೇಕಾಯಿತು ಅಂದರೆ, ಮಠದ ಮಾಳಿಗೆಯ ಮೇಲೆ ಮೈಕಿನ ದೊಡ್ಡ ಬಾಯಿಯ ಭೋಂಗಾ ಕಟ್ಟಿದ್ದರು. ಬೆಳಗಾದರೆ ಅದರಲ್ಲಿ ಅಂಗಡಿಯಿಂದ ತಂದ ಕ್ಯಾಸೆಟ್ ಹಾಡುತ್ತಿತ್ತು. ಒಂದು ಸೋಮವಾರ ಮಠದ ಅಯ್ಯನವರು, "ಇಷ್ಟು ಛಲೋ ಹಾಡ್ತೀರಿ, ಬ್ಯಾರೇದವರ ದನಿ ಯಾಕ ಹಾಕಬೇಕ್ರಿ? ನಿಮ್ಮದೇ ಒಂದು ಕ್ಯಾಸೆಟ್ ತುಂಬಿಸಿ ಕೊಡ್ರಿ," ಅಂದರು. ಗೌಡಸಾನಿಗೆ ಅಷ್ಟೇ ಸಾಕಾಯಿತು. ಒಂದು ಸಲ ತುಂಬಿಸಿದರೆ ಸಾಲದು, ಮಷಿನ್ನೇ ತರೋಣ, ಹೊಸ ಹಾಡು ಕಲಿತ ಹಾಗೆಲ್ಲ ತುಂಬಿಸೋಣ ಅಂದಳು. ಯಾವ ಮಷಿನ್ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಕಿವಿ ಇದ್ದವರು ಮಾಸ್ತರರೊಬ್ಬರೇ, ಅವರೇ ಕೇಳಿ ಆರಿಸಲಿ ಅಂತ ತೀರ್ಮಾನವಾಯಿತು. ಮಾಸ್ತರರು ತಲೆ ಆಡಿಸಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ಮೈಕಿನ ಸಾಹೇಬರ ಅಂಗಡಿ ಇತ್ತು. ಮದುವೆಗೆ, ಉರುಸಿಗೆ, ಭಾಷಣಕ್ಕೆ ಎಲ್ಲದಕ್ಕೂ ಅವರೇ ಮೈಕು ಹಚ್ಚುವವರು. ಅಂಗಡಿಯೊಳಗೆ ಬೆಸುಗೆಯ ರಾಳದ ಹೊಗೆ ಕಣ್ಣಿಗೆ ಹತ್ತುತ್ತಿತ್ತು. ನಾವು ಏಳೆಂಟು ಹೆಂಗಸರು ಒಳಗೆ ನುಗ್ಗಿದ್ದು ನೋಡಿ ಸಾಹೇಬರು ಗಾಬರಿಯಾಗಿ ಸ್ಟೂಲು ಹುಡುಕಾಡಿದರು.

"ಸಾಹೇಬ್ರ, ಕೆಡದಂಥಾದ್ದು ಕೊಡ್ರಿ," ಅಂದಳು ಗೌಡಸಾನಿ.

"ಅಕ್ಕಾ, ಮಷಿನ್ ಅಂದ್ರ ಅಳಿಯ ಇದ್ದಂಗ ನೋಡ್ರಿ. ಅಂಗಡ್ಯಾಗ ಎಲ್ಲಾ ಛಲೋನೇ ಕಾಣಸ್ತಾವ. ಮನಿಗೆ ಒಯ್ದ ಮ್ಯಾಲೆ ಮಾಲುಮ್ ಆಗ್ತದ," ಅಂದರು ಸಾಹೇಬರು. ಗೌಡಸಾನಿಯ ಅಳಿಯ ಎಂಥವನು ಅಂತ ಊರಿಗೇ ಗೊತ್ತಿತ್ತು. ನಾವು ಸೆರಗಿನೊಳಗೆ ನಕ್ಕೆವು.

ಎರಡು ಮಷಿನ್ ಮುಂದೆ ಇಟ್ಟರು. ಒಂದು ಕರಿ ಬಣ್ಣದ್ದು, ನೋಡಲಿಕ್ಕೆ ಏನೂ ಇಲ್ಲ, ಮೈಕು ಚುಚ್ಚುವ ತೂತು ಮತ್ತು ಒತ್ತುವ ನಾಲ್ಕು ಗುಂಡಿ. ಇನ್ನೊಂದು ಬೆಳ್ಳಿಯ ಹಾಗೆ ಥಳಥಳ ಅನ್ನುವುದು, ಅರಬರ ದೇಶಕ್ಕೆ ದುಡಿಯಲು ಹೋದ ಯಾರೋ ತಂದದ್ದು. ಅದರ ಮುಂದೆ ಗಾಜಿನ ಕಿಟಕಿ, ಕಿಟಕಿಯೊಳಗೆ ಗಡಿಯಾರದ ಮುಳ್ಳಿನ ಹಾಗೆ ಎರಡು ಮುಳ್ಳು. ದನಿ ಬಿದ್ದರೆ ಮುಳ್ಳು ಕುಣಿಯುತ್ತವೆ, ದನಿ ನಿಂತರೆ ಮಲಗುತ್ತವೆ. ನಾವು ಎರಡರ ಮುಂದೆಯೂ ಒಂದೇ ಹಾಡು ಹಾಡಿದೆವು. ಹೊರಗೆ ಬಸ್ಸಿನ ಕಂಡಕ್ಟರ್ ಅಫಜಲಪುರ ಅಫಜಲಪುರ ಅಂತ ಕೂಗುತ್ತಿದ್ದ. ಅದೂ ಹಾಡಿನ ಜೊತೆ ಒಳಗೆ ಹೋಯಿತು.

ಮೊದಲು ಕರಿದನ್ನು ಹಾಕಿದರು. ನನ್ನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಅಂದು. ಯಾರೋ ನೆಗಡಿಯಾದ ಹೆಂಗಸು ಹಾಡಿದ ಹಾಗಿತ್ತು.

"ಇದ್ಯಾವಾಕಿ ಬೇ ನಡುವ ಕೆಮ್ಮಿದಂಗ ಹಾಡಾಕಿ?" ಅಂದಳು ಗೌಡಸಾನಿ.

"ಅದು ನೀವೇ ಅಲ್ರಿ," ಅಂದೆ ನಾನು.

"ಹುಚ್ಚಿ. ನನ್ನ ದನಿ ಹಿಂಗದೇನು? ಮಷಿನ್ ಖರಾಬ್ ಅದ ಬಿಡು."

ಆಮೇಲೆ ಮುಳ್ಳಿನ ಮಷಿನ್ ಹಾಕಿದರು. ಹಾಡು ಬಂತು, ಹಾಡಿನ ಕೆಳಗೆ ಗುಂಯ್ ಅಂತ ಒಂದು ಸಪ್ಪಳವೂ ಬಂತು. ಹಾಡು ನಿಂತ ಮೇಲೂ ಅದು ನಿಲ್ಲಲಿಲ್ಲ. ಸಾಹೇಬರೇ ಮುಖ ಕಿವುಚಿ ಯಾವುದೋ ವಾಯರ್ ಹಿಡಿದು ಅಲುಗಾಡಿಸಿದರು. ಹೋಗಲಿಲ್ಲ.

ಮಾಸ್ತರರು ಎರಡಕ್ಕೂ ಮುಂದೆ ಬಗ್ಗಿ ಕೂತಿದ್ದರು. ಕರಿ ಮಷಿನ್ ಹಾಡುವಾಗ ಅವರ ಮುಖ ಗೋಡೆಯ ಹಾಗೆ ಇತ್ತು. ಮುಳ್ಳಿನದು ಹಾಡುವಾಗ ಮುಖ ಅರಳಿತು. ಒಂದು ಅಂಗೈಯನ್ನು ಅದರ ನೆತ್ತಿಯ ಮೇಲೆ ಇಟ್ಟುಕೊಂಡಿದ್ದರು. ಮುಗಿದ ಮೇಲೆ, "ಇದೇ ಛಲೋ ಅದ. ಇದು ಖರೇ ಹೇಳ್ತದ," ಅಂದರು.

ಸಾಹೇಬರು ಪ್ರಾಮಾಣಿಕ ಮನುಷ್ಯ. ಎದುರು ನಿಂತು ಕೈ ಆಡಿಸುತ್ತ, "ಮಾಸ್ತರ, ಇದರಾಗ ಗುಂಯ್ ಅನ್ನಾಕತ್ತದಲ್ರಿ," ಅಂದರು. ಮಾಸ್ತರರು ಅವರ ಮುಖ ನೋಡಿ, "ಅನ್ನಲಿ ಬಿಡ್ರಿ. ಹಿಂದ ತಂಬೂರಿ ಇದ್ದಂಗ ಆಗ್ತದ," ಅಂದರು.

ನಾವು ಏನು ಮಾಡಬೇಕು? ಕಿವಿ ಇದ್ದವರು ಅವರು. ನಾವು ರೊಟ್ಟಿ ಬಡಿಯುವವರು. ಗುಂಯ್ ಅನ್ನುವುದು ನಮಗೆ ಕೇಳುತ್ತದೆ, ಅವರಿಗೆ ಅದು ತಂಬೂರಿ ಅನ್ನಿಸುತ್ತದೆ ಅಂದರೆ ನಮ್ಮ ಕಿವಿಯೇ ಸರಿಯಿಲ್ಲ ಅಂದುಕೊಂಡೆವು. ಬೆಳ್ಳಿಯ ಮಷಿನ್ ಮಠಕ್ಕೆ ಬಂತು. ಹಾಡಿ ತುಂಬಿಸಿದೆವು. ಸಂಜೆ ಸಂಜೆ ಕೂತು ಅದನ್ನು ಕೇಳುತ್ತ, "ಹೌದ ನೋಡ್ರಿ, ತಂಬೂರಿ ಇದ್ದಂಗೇ ಅದ," ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಯಾರಿಗೂ ಹಾಗೆ ಅನ್ನಿಸಿರಲಿಲ್ಲ.

ಬೆಳಿಗ್ಗೆ ಭೋಂಗಾದಲ್ಲಿ ಹಾಕಿದ ಮೇಲೆ ಆ ಗುಂಯ್ ನೂರು ಪಟ್ಟಾಯಿತು. ನೀರಿಗೆ ಹೋದರೆ ಜನ, "ಮಠದಾಗ ಹಿಟ್ಟಿನ ಗಿರಣಿ ಹಾಕೀರೇನ್ರಿ? ಜ್ವಾಳ ತರೋಣೇನು?" ಅಂತ ಕೇಳಿದರು. ನಮ್ಮ ಮನೆಯವರು ಹಾಸಿಗೆಯಲ್ಲೇ ಕಿವಿಗೆ ದಿಂಬು ಒತ್ತಿಕೊಂಡು, "ನಿಮ್ಮ ಮಾಸ್ತರ ಖರೀದಿ ಭಾಳ ಭಾರಿ ಅದ," ಅಂದರು. ಮಾಸ್ತರರು ಮಾತ್ರ ಮಠದ ಕಟ್ಟೆಗೆ ಬಂದು, ಭೋಂಗಾ ಕಟ್ಟಿದ ಕಬ್ಬಿಣದ ಕಂಬಕ್ಕೆ ಕೈ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಮುಖದ ಮೇಲಿನ ಸಮಾಧಾನ ನನಗೆ ಈಗಲೂ ಕಾಣುತ್ತದೆ... ಅದನ್ನು ನೋಡಿ ನನಗೆ ಇನ್ನಷ್ಟು ತಿಳಿಯದಾಯಿತು. ಇಷ್ಟು ಕೆಟ್ಟ ಸಪ್ಪಳಕ್ಕೆ ಈ ಮನುಷ್ಯ ಹೀಗೆ ಯಾಕೆ ನಿಲ್ಲುತ್ತಾನೆ?

ಇದರ ನಡುವೆ ಇನ್ನೊಂದು ಶುರುವಾಯಿತು. ಗೌಡಸಾನಿಯ ಸೊಸೆ ಒಂದು ದಿನ ಹಿತ್ತಲಿನಲ್ಲಿ ನನ್ನನ್ನು ತಡೆದು, ಅಳುಬುರುಕು ಮುಖ ಮಾಡಿಕೊಂಡು ಹೇಳಿದಳು.

"ಯಕ್ಕಾ, ಮಾಸ್ತರು ಹಾಡಾಗ ನನ್ನ ಬಾಯಿನೇ ನೋಡ್ತಾರ್ರಿ. ಹಾಡು ಮುಗಿಯೂತನಕ ಕಣ್ಣ ತೆಗಿಯಂಗಿಲ್ಲ."

"ಮತ್ತ ಯಾರದೂ ನೋಡಂಗಿಲ್ಲೇನು?"

"ಇಲ್ರಿ. ನಂದೊಬ್ಬಾಕಿದೇ."

ನಾನು ಮುಂದಿನ ಸೋಮವಾರ ಗಮನವಿಟ್ಟು ನೋಡಿದೆ. ಹುಡುಗಿ ಹೇಳಿದ್ದು ಖರೆ. ಅವರ ಕಣ್ಣು ಅವಳ ತುಟಿಗೆ ಅಂಟಿಕೊಂಡಿತ್ತು. ಆದರೆ ಅದು ಗಂಡಸು ಹೆಂಗಸನ್ನು ನೋಡುವ ನೋಟವಲ್ಲ. ಆ ನೋಟ ಎಂಥದ್ದು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಇದು ಬೇರೆ. ನನ್ನ ಅತ್ತೆ ಕಡೆಗಾಲದಲ್ಲಿ ಹೀಗೆಯೇ ನನ್ನ ಬಾಯಿ ನೋಡುತ್ತಿದ್ದಳು, ನಾನು ಗೊಣಗಿದ್ದೇನು ಅಂತ ತಿಳಿಯಲು. ಆಕೆಗೆ ಕಿವಿ ಹೋಗಿತ್ತು.

ಅದು ಹೊಳೆದ ಮೇಲೆ ನಾನು ಸುಮ್ಮನೆ ಇರಲಿಲ್ಲ. ಹಾಡಿನ ನಡುವೆ ಎದ್ದು ಹೋಗಿ ಮಾಸ್ತರರ ಬೆನ್ನ ಹಿಂದೆ ಕೂತೆ. ಹಾಡು ನಿಂತಾಗ, "ಯವ್ವಾ, ಮಾಸ್ತರ ಟೊಪ್ಪಿಗಿ ಮ್ಯಾಲ ಹಲ್ಲಿ ಬಿದ್ದದ!" ಅಂತ ಒದರಿದೆ. ಹೆಂಗಸರೆಲ್ಲ ಹಾ ಅಂತ ಹಿಂದೆ ಸರಿದರು, ಹಲ್ಲಿ ಇಲ್ಲದ್ದು ನೋಡಿ ನಕ್ಕರು. ಅವರು ನಗುವುದನ್ನು ನೋಡಿ ಮಾಸ್ತರರೂ ನಕ್ಕರು. ಟೊಪ್ಪಿಗೆಗೆ ಕೈ ಹಚ್ಚಲಿಲ್ಲ.

ಆಮೇಲೆ ಒಂದೊಂದೇ ಜೋಡಣೆಯಾಯಿತು. ಬೈಗುಳ ನಿಂತದ್ದು ನಾವು ತಪ್ಪಿದ್ದು ಅವರಿಗೆ ಕೇಳದ್ದರಿಂದ. ನಾವೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡವರು, ಹಾಡು ಎಲ್ಲಿಗೆ ಬಂತು ಅಂತ ತಿಳಿಯಲು ಅವರಿಗೆ ಕಾಣುವ ಬಾಯಿ ಆ ಹುಡುಗಿಯದೊಂದೇ. ಮುಳ್ಳು ಕುಣಿಯುವ ಮಷಿನ್ ಯಾಕೆ ಖರೇ ಹೇಳುತ್ತದೆ ಅಂದರು ಅಂತಲೂ ತಿಳಿಯಿತು. ಅದರಲ್ಲಿ ಹಾಡು ಕಾಣುತ್ತಿತ್ತು. ಇಲ್ಲವೇ ಆ ಗುಂಯ್ ಒಂದೇ ಅವರಿಗೆ ಕೇಳುತ್ತಿತ್ತೋ ಏನೋ... ಕೈಗೆ ಹತ್ತುವಂಥ ದಪ್ಪ ಸಪ್ಪಳ ಅದು. ಎರಡರಲ್ಲಿ ಯಾವುದು ಅಂತ ನನಗೆ ಇಂದಿಗೂ ಗೊತ್ತಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವ ಕೆಲಸ ನನ್ನದಲ್ಲ ಅಂದುಕೊಂಡೆ. ಪೇಟಿ ಮಾಸ್ತರರಿಗೆ ಕಿವಿ ಇಲ್ಲ ಅಂದರೆ ಸೇಠರು ಮಕ್ಕಳನ್ನು ಬಿಡಿಸುತ್ತಾರೆ. ಅವರಿಗೆ ಊಟ ಎಲ್ಲಿಂದ? ಹುಡುಗಿಗೆ ಮಾತ್ರ, "ಸೆರಗು ಹಿಡಕೊಂಡು ಹಾಡು," ಅಂದೆ. ಅವಳು ಹಿಡಿದುಕೊಂಡು ಹಾಡಿದಳು. ಅಂದು ಮಾಸ್ತರರು ಹಾಡಿನಲ್ಲಿ ದಾರಿ ತಪ್ಪಿದರು. ನಾವು ಒಂದು ಕಡೆ, ಪೇಟಿ ಒಂದು ಕಡೆ. ಗೌಡಸಾನಿ ಸೊಸೆಗೆ, "ನಿನ್ನಿಂದ ಕೆಟ್ಟಿತು, ಬಾಯಿ ಬಿಟ್ಟು ಹಾಡು," ಅಂತ ಬೈದಳು. ಹುಡುಗಿ ಮತ್ತೆ ಸೆರಗು ಬಿಟ್ಟಳು, ಮತ್ತೆ ಅವರು ನೋಡಿದರು.

ಹೆಂಗಸರ ಮಾತು ಹೆಂಗಸರಲ್ಲಿ ನಿಲ್ಲುತ್ತದೆಯೇ? ಮಾಸ್ತರರು ಬಾಯಿ ನೋಡುವ ಸುದ್ದಿ ಹುಡುಗಿಯ ಗಂಡ, ಗೌಡರ ಮಗನ ಕಿವಿಗೆ ಹೋಯಿತು. ಅವನು ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು. ಹೆಂಡತಿಯನ್ನು ಎರಡೇಟು ಹೊಡೆದು, ತವರಿಗೆ ಕಳಿಸುತ್ತೇನೆ, ನೀನೂ ನೋಡಿರಬೇಕು ಅಂದನಂತೆ. ಆಮೇಲೆ ಮಠದ ಪಡಸಾಲೆಯಲ್ಲಿ ಓಣಿಯ ಹಿರಿಯರನ್ನು ಕೂಡಿಸಿದ. ಮುಂದೆ ಗಂಡಸರು, ಹಿಂದೆ ಗೋಡೆಗೆ ಆತು ನಾವು. ನಡುವೆ ಮಾಸ್ತರರು, ಅವರ ಬೆನ್ನು ನಮ್ಮ ಕಡೆ. ಹುಡುಗಿ ಅತ್ತೆಯ ಮಗ್ಗುಲಲ್ಲಿ ಮುದುಡಿ ಕೂತಿದ್ದಳು.

ಗೌಡರು ಎದುರು ಕೂತು ಕೇಳಿದರು. "ಮಾಸ್ತರ, ನೀವು ನಮ್ಮ ಸೊಸಿ ಬಾಯಿ ನೋಡ್ತೀರಂತ. ಖರೇನೇನು?"

ಮಾಸ್ತರರು ಗೌಡರ ತುಟಿ ನೋಡುತ್ತ ಕೇಳಿಸಿಕೊಂಡರು. ಆಮೇಲೆ, "ಖರೆ ಅದ್ರಿ. ತಪ್ಪಾಗ್ಯಾದ. ಊರು ಬಿಟ್ಟು ಹೋಗ್ತೇನಿ," ಅಂದರು.

ಕಿವಿ ಕೇಳುವುದಿಲ್ಲ ಅಂತ ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಅದನ್ನು ಬಿಟ್ಟು ಈ ಮನುಷ್ಯ ಇಲ್ಲದ ತಪ್ಪನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾನೆ. ಗೌಡರ ಮಗ ಎದ್ದು ನಿಂತ. "ಕೇಳಿದ್ರಿಲ್ಲ? ಈಕಿನೂ ಹೊಂಟ್ಲು ಗೊಬ್ಬೂರಕ್ಕ," ಅಂತ ಹೆಂಡತಿಯ ಕಡೆ ಕೈ ಮಾಡಿದ. ಹುಡುಗಿ ಅತ್ತೆಯ ತೋಳು ಹಿಡಿದುಕೊಂಡಳು.

ಆಗ ನಾನು ಹಿಂದಿನಿಂದಲೇ ಹೇಳಿದೆ. "ಅವರಿಗೆ ಕಿವಿ ಕೇಳಂಗಿಲ್ರಿ. ಬಾಯಿ ನೋಡೇ ಬಾರಸ್ತಾರ. ನಾವು ಮುಚಗೊಂಡು ಕೂಡ್ತೇವಿ, ಈಕಿ ಬಾಯಿ ಒಂದೇ ಕಾಣಸ್ತದ."

ಗಂಡಸರ ಮುಖಗಳೆಲ್ಲ ಒಮ್ಮೆಲೇ ಬದಲಾದವು. ಮಾಸ್ತರರಿಗೆ ನಾನು ಹೇಳಿದ್ದು ಕೇಳಿಸಿರಲಿಲ್ಲ, ಆದರೆ ಎದುರಿನ ಮುಖಗಳು ಬದಲಾದದ್ದು ಕಾಣಿಸಿತು. ಯಾರು ಏನು ಅಂದರು ಅಂತ ಹಿಂದೆ ತಿರುಗಿದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಅವರೂ ನನ್ನನ್ನು ನೋಡಿದರು. "ಏನಂದಿ ಬೇ?" ಅಂತ ಕೇಳಿದರು.

ನಾನು ಸೆರಗನ್ನು ತುಟಿಯಿಂದ ಕೆಳಗೆ ಮಾಡಿದೆ. ಅಷ್ಟು ಗಂಡಸರ ಮುಂದೆ, ನಮ್ಮ ಮನೆಯವರೂ ಅಲ್ಲೇ ಕೂತಿದ್ದರು. ಬಾಯಿ ಅಗಲ ಮಾಡಿ, ಒಂದೊಂದೇ ಮಾತು ಬಿಡಿಸಿ ಇನ್ನೊಮ್ಮೆ ಹೇಳಿದೆ. "ನಿಮಗ ಕಿವಿ ಕೇಳಂಗಿಲ್ಲ."

ಅವರು ಓದಿಕೊಂಡರು. ಮುಖ ಬೂದಿಯಾಯಿತು.

"ಸುಳ್ಳು," ಅಂದರು. ಗೌಡರ ಕಡೆ ತಿರುಗಿ, "ಸುಳ್ಳು ಹೇಳಾಕತ್ತಾಳ್ರಿ. ನನ್ನ ಕಿವಿ ಛಲೋ ಅದಾವ. ನಾ ನೋಡಿದ್ದು ಕೆಟ್ಟ ಬುದ್ಧಿಯಿಂದ್ಲೇ," ಅಂದರು.

ಗೌಡಸಾನಿ ಬುದ್ಧಿವಂತೆ. ಭಜನೆಯ ಹಿತ್ತಾಳೆ ತಾಳ ತೆಗೆದುಕೊಂಡು ಅವರ ಬೆನ್ನ ಹಿಂದೆ ಕಲ್ಲಿನ ಮೇಲೆ ಬಿಟ್ಟಳು. ಪಡಸಾಲೆಯೆಲ್ಲ ಠಣ್ ಅಂದಿತು. ಗೌಡರೂ ಬೆಚ್ಚಿದರು. ಮಾಸ್ತರರು ಕೈ ಮುಗಿದುಕೊಂಡು ಗೌಡರ ತುಟಿಯನ್ನೇ ನೋಡುತ್ತ ನಿಂತಿದ್ದರು, ಏನು ಹೇಳುತ್ತಾರೋ ಅಂತ.

ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಗೌಡರ ಮಗ ಹೆಂಡತಿಗೆ, "ನಡಿ ಮನಿಗೆ," ಅಂದ. ಹುಡುಗಿ ಗೊಬ್ಬೂರಕ್ಕೆ ಹೋಗಲಿಲ್ಲ. ಅಷ್ಟು ಆಯಿತು. ಮಾಸ್ತರರ ಮೇಲಿನ ಮಾತೂ ಅಲ್ಲಿಗೆ ಮುಗಿಯಿತು. ಆದರೆ ಕಿವಿಯ ಮಾತು ಬೆಳಗಾಗುವುದರೊಳಗೆ ಬಜಾರ ಮುಟ್ಟಿತ್ತು. ಸೇಠರು ಕೆಟ್ಟವರಲ್ಲ. ಒಬ್ಬರು ಮಗನಿಗೆ ಪರೀಕ್ಷೆ ಇದೆ ಅಂದರು, ಒಬ್ಬರು ಮಗಳಿಗೆ ವರ ನೋಡುತ್ತಿದ್ದೇವೆ ಅಂದರು. ಮಾಸ್ತರರು ಎಲ್ಲರ ಬಾಯಿ ನೋಡಿ, ಸರಿ ಅಂತ ತಲೆ ಆಡಿಸಿ ಬಂದರು.

ಹೋಗುವ ದಿನ ಪೇಟಿಯನ್ನು ಧೋತ್ರದಲ್ಲಿ ಗಂಟು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದರು. ನಾನು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದೆ. ಒಳಗೆ ಬರ್ರಿ ಅಂದೆ, ಬರಲಿಲ್ಲ. ಬಯ್ಯಲಿಕ್ಕೆ ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀ ಸುಮ್ಮನಿದ್ದಿದ್ರ ನಾ ಅಫಜಲಪುರಕ್ಕ ಹೋಗಿ ಕಲಿಸ್ತಿದ್ದೆ," ಅಂದರು. "ಹೆಣ್ಣು ನೋಡ್ದಾಂವ ಅನ್ನೂ ಮಾತು ಜನ ವರ್ಷದಾಗ ಮರೀತಿದ್ರು. ಹಾಡಿಗಿ ಬಾರಿಸಾಂವಗ ಕಿವಿ ಇಲ್ಲಂತ ಗೊತ್ತಾದ ಮ್ಯಾಲೆ ಯಾವ ಊರಾಗ ಕರೀತಾರ? ನೀ ನನಗ ಛಲೋ ಮಾಡಿದೆಂತ ತಿಳಕೊಂಡಿ."

ನಾನು ಮೊರ ಕೆಳಗಿಟ್ಟೆ. "ನಿಮ್ಮದು ಮರೀತಿದ್ರು ಮಾಸ್ತರ. ಆಕಿದು? ಗೊಬ್ಬೂರದಾಗ ಹೋಗಿ ಕುಂತ ಹುಡುಗಿನ್ನ ಯಾರು ಮರೀತಿದ್ರು? ನಿಮಗಲ್ಲ, ಆಕಿ ಸಲುವಾಗಿ ಹೇಳಿದೆ," ಅಂದೆ.

ಸಿಟ್ಟಿನಲ್ಲಿ ಜಲ್ದಿ ಜಲ್ದಿ ಅಂದುಬಿಟ್ಟೆ. ಬಿಡಿಸಿ ಹೇಳಬೇಕಿತ್ತು, ಅದು ಆ ಹೊತ್ತಿಗೆ ತೋಚಲಿಲ್ಲ. ಅವರು ನನ್ನ ಬಾಯಿಯನ್ನೇ ನೋಡಿದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ಆಡಿಸಿದರು, ಸೇಠರ ಮುಂದೆ ಆಡಿಸಿದ ಹಾಗೆಯೇ. ಹೌದು ಅಂತ ಆಡಿಸಿದರೋ, ಏನೂ ತಿಳಿಯದೆ ಆಡಿಸಿದರೋ... ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹಿಂದಿನಿಂದ ಕೂಗಿ ಫಾಯಿದೆ ಇರಲಿಲ್ಲ.

ಮೈಕಿನ ಸಾಹೇಬರು ಮುಳ್ಳಿನ ಮಷಿನ್ ವಾಪಸ್ ತೆಗೆದುಕೊಂಡು ಕರಿದನ್ನು ಕೊಟ್ಟರು. ಅದು ಬಹಳ ವರ್ಷ ಬಾಳಿತು. ಒಂದು ಸಲ ಬೆಲ್ಟು ಹರಿದದ್ದು ಬಿಟ್ಟರೆ ರಿಪೇರಿಗೆ ಹೋಗಲಿಲ್ಲ. ನಂಬಿಕೆಯ ಮಷಿನ್ ಅಂದರೆ ಅದೇ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು, ಗೌಡಸಾನಿಯ ಕೆಮ್ಮನ್ನೂ ಬಿಡುತ್ತಿರಲಿಲ್ಲ. ಪೇಟಿ ಇಲ್ಲದೆ, ಬರೀ ತಾಳ ಹಾಕಿಕೊಂಡು ಹಾಡಿದೆವು. ಕ್ಯಾಸೆಟ್ ಹಳೆಯದೇ. ಚೆನ್ನಾಗಿದ್ದ ಕ್ಯಾಸೆಟ್ಟನ್ನು ಯಾಕೆ ಎಸೆಯಬೇಕು ಅಂತ ಮೊದಲಿನದರ ಮೇಲೆಯೇ ತುಂಬಿಸಿದೆವು. ಗುಂಯ್ ಅನ್ನುವುದು ಹೋಯಿತು. ಅದರ ಜೊತೆಗೆ ಮಾಸ್ತರರ ಪೇಟಿಯೂ ಹೋಯಿತು. ಅವರು ಬಾರಿಸಿದ್ದು ಈಗ ಎಲ್ಲೂ ಇಲ್ಲ. ಹೇಗೆ ಬಾರಿಸುತ್ತಿದ್ದರು ಅಂತ ಮೊಮ್ಮಗಳು ಕೇಳಿದರೆ ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ.

ಎರಡು ಮಳೆಗಾಲ ಆದ ಮೇಲೆ ಜೇವರ್ಗಿ ಬಸ್ಸಿನಲ್ಲಿ ಬಂದ ಒಬ್ಬ ಹೆಂಗಸಿನಿಂದ ತಿಳಿಯಿತು, ಮಾಸ್ತರರು ಕೊಳಕೂರದಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರು ಅಂತ. ಕೊನೆಕೊನೆಗೆ ಪೇಟಿ ಬಾರಿಸುತ್ತಿದ್ದರೇನು ಅಂತ ಕೇಳಿದೆ. ಆ ಹೆಂಗಸಿಗೆ ಗೊತ್ತಿರಲಿಲ್ಲ. ಹಗಲೆಲ್ಲ ಹಿಟ್ಟಿನ ಗಿರಣಿಯ ಕಟ್ಟೆಗೆ ಹೋಗಿ ಕೂಡುತ್ತಿದ್ದರು, ಮನೆಗೆ ಕರೆದರೆ ಬರುತ್ತಿರಲಿಲ್ಲ ಅಂದಳು. ನಾನು ಅಳಲಿಲ್ಲ. ಅವರು ನನಗೆ ಸಂಬಂಧಿಯೂ ಅಲ್ಲ. ಆದರೆ ಆ ದಿನ ರೊಟ್ಟಿ ಎರಡು ಸಲ ಸೀದುಹೋದವು.

ಗೌಡ ಗೌಡಸಾನಿ ಇಬ್ಬರೂ ಈಗ ಇಲ್ಲ. ಭಜನೆಗೆ ಕೂಡುತ್ತಿದ್ದವರಲ್ಲಿ ನಾನು ಉಳಿದಿದ್ದೇನೆ, ಗೌಡಸಾನಿಯ ಸೊಸೆ ಉಳಿದಿದ್ದಾಳೆ. ಹುಡುಗಿ ಅಂತ ನಾನು ಅನ್ನುತ್ತೇನೆ, ಅವಳ ಕೂದಲೂ ಬೆಳ್ಳಗಾಗಿದೆ. ನಿನ್ನೆ ಬಂದಿದ್ದಳು. ಮಗನಿಗೆ ಗಂಡು ಹುಟ್ಟಿದೆ, ತೊಟ್ಟಿಲಿಗೆ ಹಾಕುವುದಿದೆ, ಬರಬೇಕು ಅಂತ ಕರೆಯಲು. ಚಹಾ ಮಾಡಿಕೊಟ್ಟೆ. ನನ್ನ ತಲೆಯಲ್ಲಿ ಮಾಸ್ತರರೇ ತಿರುಗುತ್ತಿದ್ದರು. ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಪೇಟಿ ಮಾಸ್ತರ ನೆನಪದಾರೇನು ನಿನಗ?"

ಅವಳು ಬಶಿಗೆ ಚಹಾ ಸುರಿದುಕೊಂಡು ಊದಿದಳು. "ಯಾವ ಮಾಸ್ತರು ಯಕ್ಕಾ?"

"ಮಠದಾಗ ನಮಗ ಬಾರಸ್ತಿದ್ರಲ್ಲ, ಕೊಳಕೂರದವರು."

"ನಾ ಬರೂಕಿಂತ ಮೊದಲ ಇದ್ರೇನೋ," ಅಂದಳು.

ನಾನು ಅವಳನ್ನೇ ನೋಡುತ್ತ ಕೂತೆ. ಖರೆ ಮರೆತಿದ್ದಾಳೋ, ಆ ಪಡಸಾಲೆಯನ್ನು ಮರೆಯಲೇಬೇಕು ಅಂತ ಮರೆತಿದ್ದಾಳೋ ತಿಳಿಯಲಿಲ್ಲ. ಮರೆತಿದ್ದರೆ ಜನ ಮರೆಯುತ್ತಾರೆ ಅಂದ ಮಾಸ್ತರರ ಮಾತೇ ಖರೆಯಾಯಿತು. ಮರೆತಿಲ್ಲದಿದ್ದರೆ ನನ್ನದು ಖರೆಯಾಯಿತು. ಇನ್ನೊಮ್ಮೆ ಕೇಳಬಹುದಿತ್ತು. ಅವಳು ಬಶಿ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ತೊಟ್ಟಿಲದಾಗ ಜೋಗುಳ ನೀವೇ ಹಾಡಬೇಕ್ರಿ ಯಕ್ಕಾ. ನನಗ ಈಗ ದನಿ ಹತ್ತಂಗಿಲ್ಲ."

"ಯಾವಾಗ ಬಿಟ್ಟಿ ಹಾಡೂದು?"

"ಯಾವಾಗೋ ಬಿಟ್ಟೇನ್ರಿ," ಅಂದಳು. ಯಾಕೆ ಅಂತ ಅವಳು ಹೇಳಲಿಲ್ಲ. ಬರ್ತೇನಿ, ಹಾಡ್ತೇನಿ ಅಂತ ಹೇಳಿ ಕಳಿಸಿದೆ.